ಕೈ ತೋರಿಸಿದ ಕಡೆ

ಗೀಝಾ ಸ್ಟೇಷನ್ನಿನ ಮೆಟ್ಟಿಲಿಳಿದು ಬರುವವರಲ್ಲಿ
ನನಗೆ ಮೊದಲು ಕಾಣುವುದು ಕೈ.
ಮುಖ ಆಮೇಲೆ. ಕೆಲವರದ್ದು ಕಾಣುವುದೇ ಇಲ್ಲ.

ಮೇಲ್ಸೇತುವೆಯ ಕೆಳಗೆ ನನ್ನ ಮೈಕ್ರೋಬಸ್ಸು.
ಹದಿನಾಲ್ಕು ಸೀಟು, ಬಾಗಿಲಿಗೆ ಕಟ್ಟಿದ ಹಗ್ಗ,
ಮೂರನೇ ಗೇರಿಗೆ ಬಂದಾಗ ಕೆಮ್ಮುವ ಎಂಜಿನ್ನು.
ನಿಲ್ಲಿಸಿದರೆ ಪೊಲೀಸಿನವನು ದಂಡ ಬರೆಯುತ್ತಾನೆ,
ನಿಲ್ಲಿಸದಿದ್ದರೆ ಹೆಂಡತಿ ಲೆಕ್ಕ ಕೇಳುತ್ತಾಳೆ.
ಹಾಗಾಗಿ ನಿಂತೂ ನಿಲ್ಲದ ಹಾಗೆ ತೆವಳುತ್ತೇನೆ.

ಈ ಗದ್ದಲದಲ್ಲಿ ಯಾರ ಕೂಗು ಯಾರಿಗೆ ಕೇಳಬೇಕು?
ಎರಡು ಕೈಯ ಬೆರಳ ತುದಿ ಕೂಡಿಸಿದರೆ ಪಿರಮಿಡ್ಡಿನ ರಸ್ತೆ.
ತೋರುಬೆರಳು ಗಾಳಿಯಲ್ಲಿ ಸುತ್ತಿದರೆ ವೃತ್ತದ ತನಕ.
ಅಂಗೈಯನ್ನು ಕತ್ತಿಯ ಹಾಗೆ ಎಡಕ್ಕೆ ಬೀಸಿದರೆ
ಫೈಸಲ್ ಬೀದಿಯ ಒಳಗಲ್ಲಿ.
ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ;
ಇಲ್ಲಿ ಕೈಯಿದ್ದವನು ಮನೆ ಸೇರುತ್ತಾನೆ.

ರೈಲಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.
ಅದಕ್ಕೆ ಗೋಡೆ ತುಂಬ ನಕ್ಷೆಯಿದೆ, ಬಣ್ಣದ ಗೆರೆಯಿದೆ,
ಹೆಂಗಸರಿಗೆ ಬೇರೆ ಡಬ್ಬಿಯಿದೆ.
ಆದರೆ ಅದು ಅಗಸೆ ಬಾಗಿಲ ತನಕ ಬಂದು
ಹಿಂದಿರುಗಿಬಿಡುವ ನೆಂಟ.
ಅಲ್ಲಿಂದಾಚೆಗೆ ಕಸದ ರಾಶಿ, ಒಡೆದ ಪೈಪು,
ಮದುವೆ ಶಾಮಿಯಾನ ಅಡ್ಡ ಹಾಕಿದ ಗಲ್ಲಿ,
ಚಪ್ಪಲಿ ಕಿತ್ತ ಹುಡುಗಿ, ಮೊಣಕಾಲು ನೋವಿನ ಮುದುಕ.
ಆ ಎರಡು ಮೈಲಿ ಯಾವ ನಕ್ಷೆಯಲ್ಲೂ ಇಲ್ಲ.
ಅದು ನನ್ನದು.

ಅವನು ಬರುತ್ತಿದ್ದದ್ದು ಹೊತ್ತು ಮುಳುಗುವ ಬಾಂಗಿನ ಸಮಯಕ್ಕೆ,
ದೊಕ್ಕಿಯ ಮನೆಗಳಿಂದ ಎತ್ತಿಕೊಂಡ
ಸುಕ್ಕು ಬಟ್ಟೆಯ ಗಂಟು ಹೆಗಲ ಮೇಲೆ.
ಮೊದಲ ದಿನ, ಎಲ್ಲಿಗೆ? ಅಂದೆ. ಸುಮ್ಮನಿದ್ದ.
ಏಯ್, ಕಿವಿ ಕೇಳಲ್ವಾ? ಅಂದೆ.
ಹಿಂದಿನ ಸೀಟಿನಿಂದ ಔಷಧಿ ಅಂಗಡಿಯ ನಗ್ಲಾ ಅಂದಳು:
ಹೌದು, ಕೇಳಲ್ಲ.

ಅವಳ ಆ ಮಾತು ನನಗಿನ್ನೂ ಕೇಳುತ್ತಿದೆ.

ಅವನು ಎಡ ಅಂಗೈ ಹಾಸಿ
ಅದರ ಮೇಲೆ ಬಲ ಮುಷ್ಟಿ ಜಾರಿಸಿದ, ಮುಂದೆ, ಹಿಂದೆ, ಮುಂದೆ.
ಇಪ್ಪತ್ತು ವರ್ಷದ ಸ್ಟೇರಿಂಗಿಗೆ ಗೊತ್ತಿಲ್ಲದ ಊರು!
ಕೈ ತೋರಿಸಿದ ಕಡೆ ತಿರುಗಿಸುತ್ತ ಹೋದೆ.
ಟೈರು ಅಂಗಡಿ ದಾಟಿ ಎರಡನೇ ತಿರುವು,
ಮಾಳಿಗೆಯಲ್ಲಿ ಪಾರಿವಾಳದ ಗೂಡಿದ್ದ ಮನೆ,
ಅದರ ಕೆಳಗೆ ಹಸಿರು ಬಾಗಿಲು, ಉದ್ದನೆ ಮೇಜು,
ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ.
ಶೌಕಿ ಅನ್ನುವ ಹೆಸರು ಬೋರ್ಡು ಓದಿ ತಿಳಿಯಿತು.

ನನ್ನ ಬಸ್ಸಲ್ಲಿ ಕಂಡಕ್ಟರ್ ಇಲ್ಲ.
ಹಿಂದಿನ ಸೀಟಿನ ದುಡ್ಡು ಕೈಯಿಂದ ಕೈಗೆ ದಾಟಿ ಬರುತ್ತದೆ,
ಚಿಲ್ಲರೆ ಅದೇ ಕೈಗಳ ಮೇಲೆ ನಡೆದು ವಾಪಸು ಹೋಗುತ್ತದೆ.
ಒಂದು ಪೌಂಡೂ ಇದುವರೆಗೆ ದಾರಿ ತಪ್ಪಿಲ್ಲ.
ಅವನ ಸನ್ನೆಯೂ ಹಾಗೇ ದಾಟಿತು. ಮೊದಲು ನಗ್ಲಾ,
ಆಮೇಲೆ ಆ ಗಲ್ಲಿಯ ಕಾಲೇಜು ಹುಡುಗರು,
ಆಮೇಲೆ ನನ್ನ ಹಿಂದೆ ಹಾರನ್ ಹೊಡೆಯುವ ರಿಫಾತನ ಬಸ್ಸಿನವರು.
ಮುಷ್ಟಿ ಜಾರಿಸಿದರೆ ಇಸ್ತ್ರಿ ಸ್ಟಾಪು.
ಸರಕಾರಕ್ಕೆ ಗೊತ್ತಿಲ್ಲ. ಹೇಳಲೂ ಇಲ್ಲ ಯಾರೂ.

ಒಂದು ಸಂಜೆ ಶೌಕಿ ಹತ್ತಲಿಲ್ಲ.
ಮೂರು ಬಸ್ಸು ಬಿಟ್ಟ. ಗಂಟು ಕಾಲ ಬಳಿ ಇಟ್ಟು
ಮೆಟ್ಟಿಲ ಪಕ್ಕ ನಿಂತೇ ಇದ್ದ,
ರೈಲಿಳಿದ ಇಡೀ ಗುಂಪು
ತನ್ನ ಭಾಷೆಯಲ್ಲಿ ಕೂಗಾಡುವುದನ್ನು ನೋಡುತ್ತ.
ನಾಲ್ಕು ಪದ, ನಲವತ್ತು ತಪ್ಪು,
ಮಕ್ಕಳ ತೊದಲಿನಂಥ ಉಚ್ಚಾರ.
ನಾಲ್ಕನೇ ಬಸ್ಸು ನನ್ನದು. ಹತ್ತಿ ಕೂತವನು
ನನ್ನ ಕೈ ಹಿಡಿದು, ಮುಷ್ಟಿಯ ಹೆಬ್ಬೆರಳನ್ನು
ಒಳಗಿನಿಂದ ಹೊರಗೆ ಸರಿಪಡಿಸಿದ,
ಮೇಷ್ಟ್ರ ಹಾಗೆ.

ಈಗ ಹಸಿರು ಬಾಗಿಲಲ್ಲಿ ಮೊಬೈಲ್ ಕವರು ಮಾರುತ್ತಾರೆ.
ಮಗಳ ಊರಿಗೆ ಹೋದ ಅನ್ನುತ್ತಾರೆ, ಇಲ್ಲ ಅನ್ನುತ್ತಾರೆ.
ನಾನು ವಿಚಾರಿಸಲಿಲ್ಲ, ತಪ್ಪು ನನ್ನದೇ.

ನಿನ್ನೆ ಮಿನ್ಯಾದಿಂದ ಬಂದ ಹೊಸ ಹುಡುಗನೊಬ್ಬ
ಮುಷ್ಟಿ ಜಾರಿಸಿದ. ಹೆಬ್ಬೆರಳು ಒಳಗೆ.
ಏನದು ಹಾಗಂದರೆ? ಅಂದೆ.
ಗೊತ್ತಿಲ್ಲ ಚಾಚಾ, ಆ ಸ್ಟಾಪಿಗೆ ಎಲ್ಲರೂ ಹೀಗೇ ಮಾಡ್ತಾರೆ.
ಟೈರು ಅಂಗಡಿ ದಾಟಿ ಎರಡನೇ ತಿರುವಿನಲ್ಲಿ ಇಳಿದ.
ಚಿಲ್ಲರೆ ಮರೆತು ನಡೆದೇಬಿಟ್ಟಿದ್ದ;
ಬಸ್ಸಿನವರು ಕೈಯಿಂದ ಕೈಗೆ ದಾಟಿಸಿ
ಕಿಟಕಿಯಾಚೆ ಚಾಚಿದರು.